ಹೊಳೆದಂಡೆಯ ಹಣ್ಣಿನ ದಿನಗಳು

ನಾವು ಸಣ್ಣವರಿದ್ದಾಗ ಕುಮಾರಪಟ್ಟಣದಲ್ಲಿ ಆರೋಗ್ಯಕ್ಕೆಂದು ಹಣ್ಣು ತಿಂದವರು ಯಾರೂ ಇರಲಿಲ್ಲ. ಗಿಡದಲ್ಲಿ ಇತ್ತು, ಬೇಲಿಯಲ್ಲಿ ಇತ್ತು, ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತು; ತಿಂದೆವು. ಅದನ್ನೇ ಈಗ ಡಾಕ್ಟರು ಚೀಟಿಯ ಕೆಳಗೆ ಬರೆದು ಕೊಡುತ್ತಾರೆ. ನನ್ನ ಓರಗೆಯವರೆಲ್ಲ ಐವತ್ತು ದಾಟಿದ್ದಾರೆ. ಊರ ಜಾತ್ರೆಗೋ ಯಾರದೋ ಮಗಳ ಮದುವೆಗೋ ಕೂಡಿದಾಗ ಮೊದಲು ಮಕ್ಕಳ ಸುದ್ದಿ, ಆಮೇಲೆ ಶುಗರ್, ಬಿಪಿ ಗುಳಿಗೆಗಳ ಸುದ್ದಿ, ಕೊನೆಗೆ ತಪ್ಪದೆ ಹಣ್ಣಿನ ಸುದ್ದಿ. "ಆ ಹಳ್ಳದ ಬಾರಿಹಣ್ಣು ನೆನಪೈತೇನ?" ಎಂದು ಒಬ್ಬರು ತೆಗೆದರೆ ಸಾಕು, ಎಲೆ ತೆಗೆದರೂ ಮಾತು ಮುಗಿಯುವುದಿಲ್ಲ. ಆ ಮಾತುಗಳನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಆ ದಿನಗಳು ನಮ್ಮ ಮೈಗೆ ಏನು ಕೊಟ್ಟವು, ಅದರಲ್ಲಿ ಯಾವುದನ್ನು ನಮ್ಮ ಮಕ್ಕಳು ಮೊಮ್ಮಕ್ಕಳಿಗೆ ಇನ್ನೂ ದಾಟಿಸಬಹುದು ಎಂಬ ಲೆಕ್ಕವೂ ಇದರೊಳಗಿದೆ.

ಕುಮಾರಪಟ್ಟಣ ಇರುವುದು ರಾಣೆಬೆನ್ನೂರು ತಾಲೂಕಿನ ತುದಿಗೆ, ತುಂಗಭದ್ರೆಯ ದಂಡೆಯ ಮೇಲೆ. ಹೊಳೆ ದಾಟಿದರೆ ಹರಿಹರ. ಆಗಿನ್ನೂ ಹಾವೇರಿ ಜಿಲ್ಲೆ ಆಗಿರಲಿಲ್ಲ. ಅದು ಆದದ್ದು 1997ರಲ್ಲಿ. ನಾವೆಲ್ಲ ಧಾರವಾಡ ಜಿಲ್ಲೆಯ ದಕ್ಷಿಣದ ಕೊನೆಯವರು. 1970ರ ದಶಕದಲ್ಲಿ ಇಲ್ಲಿ ಪಲ್ಪ್ ಮತ್ತು ನಾರಿನ ಕಾರ್ಖಾನೆಗಳು ಬಂದವು. ಅಪ್ಪ ಒಕ್ಕಲುತನದ ಜೊತೆಗೆ ಕಾರ್ಖಾನೆಯ ಪಾಳಿಗೂ ಹೋದ. ರಾಜಸ್ಥಾನದವರು, ಕೇರಳದವರು, ಉತ್ತರ ಪ್ರದೇಶದವರು ಕಾಲೊನಿಗೆ ಬಂದು ನೆಲೆಸಿದರು. ಕಾರ್ಖಾನೆಯ ಭೋಂಗಾ ಊರಿಗೆ ಹೊತ್ತು ಹೇಳುತ್ತಿತ್ತು. ತಿಂಗಳು ಯಾವುದೆಂದು ಮಾತ್ರ ನಮಗೆ ಹೇಳುತ್ತಿದ್ದದ್ದು ಹಣ್ಣುಗಳೇ.

ದೀಪಾವಳಿ ಕಳೆದು ಚಳಿ ಬಿದ್ದರೆ ಬಾರಿಹಣ್ಣು. ಹೊಲದ ಬದುವಿನ ಮೇಲೆ, ಹಳ್ಳದ ದಂಡೆಗೆ, ಯಾರೂ ಹಚ್ಚದೆ ಯಾರೂ ನೀರು ಹಾಕದೆ ಬೆಳೆದ ಮುಳ್ಳುಕಂಟಿಗಳು. ಕಾಯಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುವುದನ್ನು ಸಾಲಿಗೆ ಹೋಗುವ ದಾರಿಯಲ್ಲಿ ದಿನಾ ನೋಡುತ್ತಿದ್ದೆವು. ಗಂಡುಹುಡುಗರು ಕಂಟಿ ಬಡಿದರೆ ನಾವು ಹುಡುಗಿಯರು ಲಂಗದ ಉಡಿಯಲ್ಲಿ ಆರಿಸಿಕೊಳ್ಳುತ್ತಿದ್ದೆವು. ಹೊಲಕ್ಕೆ ಹೋಗದವರಿಗೆ ಸಾಲಿಯ ಮುಂದೆ ಒಬ್ಬ ಮುದುಕಿ ಬುಟ್ಟಿ ಇಟ್ಟುಕೊಂಡು ಕೂಡುತ್ತಿದ್ದಳು. ಸಣ್ಣ ಡಬ್ಬಿಯಲ್ಲಿ ಅಳೆದು, ಮೇಲೆ ಒಂದು ಹಿಡಿ ಕೊಸರು ಹಾಕಿ ಕೊಡುತ್ತಿದ್ದಳು. ಸಂಕ್ರಾಂತಿಗೆ ಎಳೆಯ ಮಕ್ಕಳ ತಲೆಯ ಮೇಲೆ ಇದೇ ಬಾರಿಹಣ್ಣು, ಕಬ್ಬಿನ ಚೂರು ಎರೆಯುತ್ತಿದ್ದರು. ಕೆಳಗೆ ಬಿದ್ದದ್ದನ್ನು ಆರಿಸಿ ತಿನ್ನಲು ಓಣಿಯ ಮಕ್ಕಳೆಲ್ಲ ಸುತ್ತ ಕೂತಿರುತ್ತಿದ್ದೆವು. ಅಂದು ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಂಡು ಬಂದರೆ ಹಬ್ಬ ಮುಗಿಯಿತು. ಉಳಿದ ಹಣ್ಣು ಮಾಳಿಗೆಯ ಮೇಲೆ ಒಣಗಿ, ಬೆಲ್ಲ, ಉಪ್ಪು, ಖಾರದೊಡನೆ ಒರಳಿನಲ್ಲಿ ಕುಟ್ಟಿಸಿಕೊಂಡು, ಬಿಲ್ಲೆಯಾಗಿ ಬ್ಯಾಸಿಗೆಯವರೆಗೂ ಬಾಳುತ್ತಿತ್ತು.

ಚಳಿಗಾಲದ ಇನ್ನೊಂದು ಹಣ್ಣು ಪೇರಲ. ಧಾರವಾಡ ಹತ್ತಿರದ ನವಲೂರಿನ ಪೇರಲ ಹೆಸರಾದದ್ದು, ಆದರೆ ನಮಗೆ ಹಿತ್ತಲ ಪೇರಲವೇ ಸಾಕಾಗುತ್ತಿತ್ತು. ಅದು ಮುಗಿದರೆ ಬಾಗವಾನ ಕಾಕಾನ ಕೈಗಾಡಿ. ನಮ್ಮ ಸೀಮೆಯಲ್ಲಿ ಹಣ್ಣಿನ ವ್ಯಾಪಾರ ತಲೆತಲಾಂತರದಿಂದ ಬಾಗವಾನರದು. ಯಾವ ಹಣ್ಣು ಇವತ್ತು ತಿನ್ನಬೇಕು, ಯಾವುದು ನಾಳೆಗೆ ಎಂದು ಅವರು ಮುಟ್ಟಿಯೇ ಹೇಳುತ್ತಿದ್ದರು. ಸಾಲಿ ಬಿಡುವ ಹೊತ್ತಿಗೆ ಕಾಕಾ ಗಾಡಿಯನ್ನು ಬೇವಿನ ಗಿಡದ ನೆರಳಿಗೆ ತಂದು ನಿಲ್ಲಿಸುತ್ತಿದ್ದರು. ಹಣ್ಣನ್ನು ಎಡಗೈಯಲ್ಲಿ ಹಿಡಿದು, ಸಣ್ಣ ಚೂರಿಯಿಂದ ತುದಿಯಿಂದ ತೊಟ್ಟಿನವರೆಗೆ ಎರಡು ಸಲ ಸೀಳುತ್ತಿದ್ದರು. ನಾಲ್ಕು ಹೋಳು, ಆದರೆ ಬುಡ ಬಿಡುತ್ತಿರಲಿಲ್ಲ. ಬೆರಳಿನಿಂದ ಅಗಲಿಸಿ, ನಡುವೆ ಉಪ್ಪು-ಖಾರ ತುಂಬಿ, ಒಮ್ಮೆ ಒತ್ತಿ ಕೈಗೆ ಇಡುತ್ತಿದ್ದರು. ಖಾರ ಬ್ಯಾಡಗಿ ಮೆಣಸಿನಕಾಯಿಯದು. ಬಣ್ಣ ಹೆಚ್ಚು, ಉರಿ ಕಡಿಮೆ. "ಕಾಕಾ, ಇನ್ನಷ್ಟು ಖಾರ ಹಾಕ್ರಿ" ಎಂದರೆ, "ಮೊದಲ ಹಣ್ಣಿನ ರುಚಿ ನೋಡವ್ವಾ, ಖಾರ ಎಲ್ಲಿ ಹೋಗತೈತಿ" ಎನ್ನುತ್ತಿದ್ದರು. ದುಡ್ಡು ಇಲ್ಲದ ಮಕ್ಕಳಿಗೆ ತೀರಾ ಹಣ್ಣಾದದ್ದನ್ನು ಸುಮ್ಮನೆ ಕೊಡುತ್ತಿದ್ದರು. ಆ ಗಾಡಿಯ ಮುಂದೆ ಕಾಲೊನಿಯ ಸಾಹೇಬರ ಮಗ, ಕೂಲಿಯವಳ ಮಗಳು, ನಾವು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದೆವು.

ಆ ಪೇರಲದ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಸಿ ಜೀವಸತ್ವ ಇರುತ್ತದೆ. ಅಷ್ಟೇ ತೂಕದ ಕಿತ್ತಳೆಯಲ್ಲಿ ಇರುವುದು ಸುಮಾರು 50 ಮಿಲಿಗ್ರಾಂ, ಸೇಬಿನಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಇದು ಬರೀ ನೆಗಡಿಗೆ ಸಂಬಂಧಿಸಿದ ಸಂಗತಿ ಅಲ್ಲ. ನಮ್ಮ ಊಟ ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು. ಇವುಗಳಲ್ಲಿ ಕಬ್ಬಿಣದ ಅಂಶ ಇದೆ, ಆದರೆ ಕಾಳುಕಡಿಗಳ ಕಬ್ಬಿಣವನ್ನು ದೇಹ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಊಟದ ಜೊತೆಗೋ ಊಟವಾದ ಕೂಡಲೆಯೋ ಸಿ ಜೀವಸತ್ವದ ಹಣ್ಣು ಹೊಟ್ಟೆಗೆ ಬಿದ್ದರೆ ಆ ಕಬ್ಬಿಣ ರಕ್ತಕ್ಕೆ ಸೇರುವುದು ಹೆಚ್ಚುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಗುಳಿಗೆಯ ಜೊತೆಗೆ ಒಂದು ಪೇರಲ, ಒಂದು ನೆಲ್ಲಿಕಾಯಿ, ಅರ್ಧ ಲಿಂಬೆಹಣ್ಣು ಎಷ್ಟು ಕೆಲಸ ಮಾಡಬಲ್ಲದು ಎಂಬುದನ್ನು ನಮ್ಮ ತಾಯಂದಿರಿಗೆ ಯಾರಾದರೂ ಆಗಲೇ ಬಿಡಿಸಿ ಹೇಳಿದ್ದರೆ ಒಳ್ಳೆಯದಿತ್ತು. ಹೇಳದಿದ್ದರೂ ಊಟಕ್ಕೆ ಲಿಂಬೆಹೋಳು, ನೆಲ್ಲಿಕಾಯಿ ಚಟ್ನಿ ಇಡುವ ರೂಢಿ ಇದ್ದದ್ದು ನಮ್ಮ ಪುಣ್ಯ.

ಶಿವರಾತ್ರಿ ಬಂತೆಂದರೆ ಬಿಸಿಲು ಏರಿತು ಎಂದೇ. ಆ ಹೊತ್ತಿಗೆ ಕಲ್ಲಂಗಡಿ ಗುಡ್ಡೆಗಳು ರಸ್ತೆಬದಿಗೆ ಬರುತ್ತಿದ್ದವು. ಉಪವಾಸದವರಿಗೆ ಕಲ್ಲಂಗಡಿ, ದ್ರಾಕ್ಷಿ, ಬಾಳೆಹಣ್ಣು, ಖರ್ಜೂರ. ಉಪವಾಸವಿಲ್ಲದ ಮಕ್ಕಳಿಗೂ ಅಂದು ಅದೇ ಊಟ. ರಂಜಾನ್ ಬ್ಯಾಸಿಗೆಗೆ ಬಿದ್ದ ವರ್ಷ ಸಂಜೆ ರೋಜಾ ಬಿಡುವ ಹೊತ್ತಿಗೆ ಬಾಗವಾನ ಕಾಕಾನ ಮನೆಯಿಂದ ನಮ್ಮ ಮನೆಗೆ ತಾಟಿನಲ್ಲಿ ಹಣ್ಣಿನ ಹೋಳು ಬರುತ್ತಿತ್ತು. ಆ ತಾಟನ್ನು ಅವ್ವ ಎಂದೂ ಬರಿದಾಗಿ ಕಳಿಸುತ್ತಿರಲಿಲ್ಲ. ಬಾಳೆಹಣ್ಣೋ ಬೆಲ್ಲವೋ ಇಟ್ಟೇ ಕಳಿಸುತ್ತಿದ್ದಳು. ಬಯಲುಸೀಮೆಯ ಉರಿಬಿಸಿಲಿನಲ್ಲಿ ಹೊಲದಿಂದ ಬಂದವರಿಗೆ ನೀರಿನ ಅಂಶವೇ ಹೆಚ್ಚಿರುವ ಕಲ್ಲಂಗಡಿ, ಕರಬೂಜ, ಸವತಿಕಾಯಿ ಕೊಟ್ಟ ತಂಪನ್ನು ಬಾಟಲಿಯ ಬಣ್ಣದ ನೀರು ಎಂದೂ ಕೊಟ್ಟಿಲ್ಲ.

ಮಾವು ಬಂದ ಮೇಲೆ ಮಾತ್ರ ಮನೆಯೇ ಬದಲಾಗುತ್ತಿತ್ತು. ಅವ್ವನ ತವರು ಹಾನಗಲ್ಲ ತಾಲೂಕು. ಆ ಕಡೆಯ ಮಣ್ಣಿಗೂ ಮಳೆಗೂ ಮಾವು ಒಗ್ಗಿದೆ. ಆಪೂಸು ಬೆಳೆಯುವ ತೋಟಗಳು ಅಲ್ಲಿ ಬಹಳ. ನಮ್ಮ ಅಜ್ಜ ಕಳಿಸುತ್ತಿದ್ದದ್ದು ಹೆಚ್ಚಾಗಿ ಜವಾರಿ ಮಾವು, ಜೊತೆಗೊಂದಿಷ್ಟು ಆಪೂಸು. ಗೋಣಿಚೀಲಗಳು ಬಸ್ಸಿನ ಮೇಲೆ ಬಂದು ಹೆದ್ದಾರಿಯಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಚಕ್ಕಡಿಯಲ್ಲಿ ಮನೆಗೆ. ಎಲ್ಲವೂ ಕಾಯಿ. ಅವನ್ನು ಹಣ್ಣು ಮಾಡುವ ಕೆಲಸ ನಮ್ಮ ದೊಡ್ಡವ್ವನದು.

ಕತ್ತಲೆಕೋಣೆಯ ಮೂಲೆಯಲ್ಲಿ ಅಡಿ ಹಾಕುತ್ತಿದ್ದರು. ಮೊದಲು ಭತ್ತದ ಒಣಹುಲ್ಲು ದಪ್ಪಗೆ ಹಾಸುವುದು. ಅದರ ಮೇಲೆ ಕಾಯಿಗಳನ್ನು ಒಂದೊಂದಾಗಿ, ತೊಟ್ಟು ಕೆಳಗೆ ಮಾಡಿ, ಒಂದಕ್ಕೊಂದು ಒತ್ತದ ಹಾಗೆ ಇಡುವುದು. ಮೇಲೆ ಮತ್ತೆ ಹುಲ್ಲು, ಮತ್ತೆ ಕಾಯಿ, ಕೊನೆಗೆ ಗೋಣಿತಾಟು. ಬಿದ್ದು ಪೆಟ್ಟಾದ ಕಾಯಿ, ತೊಟ್ಟು ಹರಿದ ಕಾಯಿ ಅಡಿಗೆ ಹೋಗುವಂತಿಲ್ಲ. ಅವೆಲ್ಲ ಅವತ್ತೇ ಚಟ್ನಿಗೆ, ಉಪ್ಪಿನಕಾಯಿಗೆ. ಎರಡು ದಿನ ಕೋಣೆಯ ಬಾಗಿಲು ತೆರೆಯುವಂತಿರಲಿಲ್ಲ. ಆಮೇಲೆ ವಾಸನೆ ಬಾಗಿಲ ಸಂದಿಯಿಂದ ತಾನೇ ಹೊರಗೆ ಬರುತ್ತಿತ್ತು. ದೊಡ್ಡವ್ವ ಗೋಣಿ ಸರಿಸಿ, ಒಂದೊಂದೇ ಹಣ್ಣು ತೆಗೆದು, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮೂಗಿಗೆ ಹಿಡಿದು, ಹಣ್ಣಾದದ್ದನ್ನು ನೀರಿನ ಬಕೀಟಿಗೆ, ಆಗದ್ದನ್ನು ಮತ್ತೆ ಹುಲ್ಲಿಗೆ ಹಾಕುತ್ತಿದ್ದಳು. ನಾವು ಬಾಗಿಲಲ್ಲಿ ನಿಂತು, "ದೊಡ್ಡವ್ವಾ, ಅದು ಆಗೇತಿ ನೋಡ" ಎಂದು ಗೋಗರೆದರೂ ಅವಳ ಹೆಬ್ಬೆರಳೇ ಕೊನೆಯ ತೀರ್ಪು. "ಒಂದು ದಿನ ತಡೀರಿ, ಸಕ್ರಿ ಆಗತಾವು."

ಹಣ್ಣಾಗುವ ಕಾಯಿ ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಹುಲ್ಲಿನ ಕಾವಿನಲ್ಲಿ ಅದು ಹೊರಗೆ ಹೋಗದೆ ನಿಂತು ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತದೆ. ದೊಡ್ಡವ್ವನಿಗೆ ಅದರ ಹೆಸರು ಗೊತ್ತಿರಲಿಲ್ಲ, ಕೆಲಸ ಪೂರ್ತಿ ಗೊತ್ತಿತ್ತು. ಅವಸರದ ವ್ಯಾಪಾರಿಗಳು ಇದೇ ಕೆಲಸಕ್ಕೆ ಕ್ಯಾಲ್ಸಿಯಂ ಕಾರ್ಬೈಡ್ ಪುಡಿ ಬಳಸತೊಡಗಿದ್ದು ಆಮೇಲಿನ ಮಾತು. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶಗಳು ಬೆರೆತಿರುವುದರಿಂದ ಕಾನೂನು ಅದನ್ನು ನಿಷೇಧಿಸಿದೆ. ಎಥಿಲೀನ್ ಅನಿಲದಿಂದ ಹಣ್ಣು ಮಾಡಲು ಮಾತ್ರ ಮಿತಿಯೊಳಗೆ ಅವಕಾಶವಿದೆ. ಮೇಲೆ ಹಳದಿ, ಒಳಗೆ ಹುಳಿ, ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲದ ಮಾವು ಸಿಕ್ಕರೆ ಕೊಳ್ಳಬೇಡಿ. ದೊಡ್ಡವ್ವನ ಮೂಗಿನ ಪರೀಕ್ಷೆ ಇವತ್ತಿಗೂ ಒಳ್ಳೆಯ ಪರೀಕ್ಷೆಯೇ.

ಅಡಿ ಬಿಚ್ಚಿದ ದಿನ ಮನೆಯಲ್ಲಿ ಹೋಳಿಗೆ ಅಥವಾ ಚಪಾತಿ, ಜೊತೆಗೆ ಮಾವಿನ ಸೀಕರಣಿ. ಆದರೆ ಅದಕ್ಕೂ ಮುಂಚೆ ಹಂಚಿಕೆ ಆಗಬೇಕಿತ್ತು. ಪಕ್ಕದ ಮನೆಗೆ ಇಷ್ಟು, ಹಾಲಿನವನಿಗೆ ಇಷ್ಟು, ಕಾಲೊನಿಯ ಕೇರಳದ ಟೀಚರ್ ಮನೆಗೆ ಇಷ್ಟು ಎಂದು ಬುಟ್ಟಿ ತುಂಬಿ ನಮ್ಮನ್ನೇ ಓಡಿಸುತ್ತಿದ್ದರು. ಟೀಚರ್ ಮನೆಯಿಂದ ಬದಲಿಗೆ ಅವರೂರಿನ ಹಲಸಿನ ಚಿಪ್ಸು ಬರುತ್ತಿತ್ತು. ಹಣ್ಣನ್ನು ಕೂಡಿಡಲು ಆಗುವುದಿಲ್ಲ. ಕೂಡಿಟ್ಟರೆ ಕೊಳೆಯುತ್ತದೆ, ಹಂಚಿದರೆ ಉಳಿಯುತ್ತದೆ. ಹಾಗಾಗಿ ಹಣ್ಣಿನ ಕಾಲದಲ್ಲಿ ಓಣಿಯ ಜಗಳಗಳೂ ಕಡಿಮೆಯಾಗುತ್ತಿದ್ದವು.

ಮಾವು, ಪಪಾಯಿಗಳ ಆ ಕೇಸರಿ ಹಳದಿ ಬಣ್ಣ ಬೀಟಾ ಕ್ಯಾರೋಟಿನ್ನಿನದು. ದೇಹ ಅದನ್ನು ಎ ಜೀವಸತ್ವವಾಗಿ ಬದಲಿಸಿಕೊಳ್ಳುತ್ತದೆ. ಕಣ್ಣಿಗೆ, ಚರ್ಮಕ್ಕೆ, ಸೋಂಕು ತಡೆಯುವ ಶಕ್ತಿಗೆ ಅದು ಬೇಕು. ಎ ಜೀವಸತ್ವ ಕಡಿಮೆಯಾದ ಮಕ್ಕಳಿಗೆ ಮೊದಲು ಬರುವುದು ಇರುಳುಗುರುಡು. ನಮ್ಮ ಬಚ್ಚಲ ನೀರು ಹರಿಯುವಲ್ಲಿ ತಾನೇ ಎದ್ದ ಪಪಾಯಿ ಗಿಡ ವರ್ಷಪೂರ್ತಿ ಕಾಯಿ ಬಿಡುತ್ತಿತ್ತು. ಅದಕ್ಕೆ ನಾವು ಅಷ್ಟು ಮರ್ಯಾದೆ ಕೊಡುತ್ತಿರಲಿಲ್ಲ, ಆದರೆ ಬ್ಯಾರೆ ಹಣ್ಣು ಇಲ್ಲದ ದಿನ ಅದೇ ನಮ್ಮ ಹಣ್ಣು. ಹಣ್ಣು ತಪ್ಪದೆ ನಮ್ಮ ಹೊಟ್ಟೆಗೆ ಬಿದ್ದದ್ದು ಇಂಥ ಗಿಡಗಳಿಂದ.

ಮೊದಲ ಮಳೆ ಬಿದ್ದರೆ ನೇರಳೆ. ನಾಲಿಗೆ ತೆಗೆದು ತೋರಿಸಿ ಯಾರದು ಹೆಚ್ಚು ನೀಲಿ ಎಂಬ ಪೈಪೋಟಿ. ಅದರ ಹಿಂದುಮುಂದೆ ಕುರುಚಲು ಗುಡ್ಡಗಳಲ್ಲಿ ಕವಳಿಹಣ್ಣು. ಶ್ರಾವಣ ದಾಟಿದರೆ ಸೀತಾಫಲ. ನಡುವೆ ಬಳೂಲಕಾಯಿ, ಕಲ್ಲಿಗೆ ಒಡೆದು, ಬೆಲ್ಲ ಕಲಸಿ ತಿಂದರೆ ಅರ್ಧ ದಿನ ಹಸಿವಿಲ್ಲ. ವರ್ಷಪೂರ್ತಿ ಬಾಳೆ. ದೇವರ ಮುಂದೆ ಇಟ್ಟದ್ದು, ಉಡಿ ತುಂಬಿದ್ದು, ಮಠದಲ್ಲಿ ಪ್ರಸಾದವಾಗಿ ಕೊಟ್ಟದ್ದು, ಹೇಗೋ ದಿನಕ್ಕೊಂದು ಬಾಳೆಹಣ್ಣು ಕೈಗೆ ಬರುತ್ತಿತ್ತು. ಬಾಳೆಯಲ್ಲಿ ಪೊಟ್ಯಾಸಿಯಂ ಇದೆ. ಉಪ್ಪಿನಿಂದ ಏರುವ ರಕ್ತದೊತ್ತಡವನ್ನು ತಗ್ಗಿಸಲು ಅದು ಸಹಾಯ ಮಾಡುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇಲ್ಲದೆ ಊಟ ಏಳದ ನಮ್ಮಂಥವರಿಗೆ ಅದು ಬೇಕೇ ಬೇಕು. ನೇರಳೆಬೀಜದ ಪುಡಿಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಗುಳಿಗೆ ಬಿಟ್ಟವರನ್ನು ನಾನು ಕಂಡಿದ್ದೇನೆ, ಹಾಗೆ ಮಾಡಬಾರದು. ಹಣ್ಣು ಒಳ್ಳೆಯ ಆಹಾರ, ಔಷಧದ ಜಾಗಕ್ಕೆ ಬರುವಂಥದ್ದಲ್ಲ.

ಸೇಬು ಮತ್ತು ಮೂಸಂಬಿ ಮಾತ್ರ ನಮಗೆ ದೂರದ ಹಣ್ಣು. ಅಪ್ಪನ ಪಗಾರದ ದಿನ ಹರಿಹರದ ಪ್ಯಾಟೆಯಿಂದ ಒಂದೆರಡು ಸೇಬು ಬರುತ್ತಿದ್ದವು. ಸಣ್ಣಸಣ್ಣ ಹೋಳು ಮಾಡಿ ಎಲ್ಲರಿಗೂ ಹಂಚುತ್ತಿದ್ದರು. ಮೂಸಂಬಿ ಬಂದರೆ ಯಾರಿಗೋ ಜ್ವರ ಎಂದೇ ಅರ್ಥ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಕೈಚೀಲದಲ್ಲಿ ಮೂಸಂಬಿ, ಬ್ರೆಡ್ಡು ಇರಲೇಬೇಕು. ಇದರಿಂದ ಊರ ಮನಸ್ಸಿನಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿತು: ಕೊಂಡು ತರುವ ಹಣ್ಣು ದೊಡ್ಡದು, ಅದು ರೋಗಿಗಳಿಗೆ, ಬೇಲಿಯ ಹಣ್ಣು ಸಣ್ಣದು, ಅದು ಮಕ್ಕಳ ಆಟಕ್ಕೆ. ದುಡ್ಡು ಬಂದ ಹಾಗೆ ಬೇಲಿಯ ಹಣ್ಣಿಗೆ ಮುಖ ತಿರುಗಿಸಿದೆವು. ಕಾಯಿಲೆ ಬಂದ ಮೇಲೆ ತಿನ್ನುವುದಕ್ಕಿಂತ ಬರದಂತೆ ತಿನ್ನುವುದೇ ಹಣ್ಣಿನ ನಿಜವಾದ ಉಪಯೋಗ ಎಂಬುದು ಮರೆತುಹೋಯಿತು.

ಗಿಡಗಳೂ ಹೋದವು. ಬದುವಿನ ಮಾವು, ನೇರಳೆ ನೆರಳು ಕೊಡುತ್ತವೆ, ಬೆಳೆಗೆ ಅಡ್ಡ ಎಂದು ಕಡಿದರು. ಗೋವಿನಜೋಳ ಬಂತು, ಹತ್ತಿ ಬಂತು, ರಾಣೆಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆ ಬಂತು, ನೀರಿದ್ದಲ್ಲಿ ಅಡಿಕೆ ಬಂತು. ಇವೆಲ್ಲ ರೈತರ ಕೈಗೆ ನಾಲ್ಕು ಕಾಸು ಕೊಟ್ಟಿವೆ, ಅದನ್ನು ಹಗುರವಾಗಿ ಕಾಣಲಾರೆ. ಗುಡ್ಡ, ಗಾಂವಠಾಣಗಳಲ್ಲಿ ನೀಲಗಿರಿ ಎದ್ದಿತು. ನೀಲಗಿರಿಯ ಕೆಳಗೆ ಕವಳಿ ಕಂಟಿ ಏಳುವುದಿಲ್ಲ, ದನ ಮೇಯುವ ಹುಲ್ಲೂ ಸರಿಯಾಗಿ ಬರುವುದಿಲ್ಲ.

ನಾವು ಹೈಸ್ಕೂಲಿನಲ್ಲಿದ್ದಾಗ ಹಾನಗಲ್ಲ ಕಡೆಯ ಕುಸನೂರಿನ ಸುದ್ದಿ ಕೇಳಿದ್ದು ನೆನಪಿದೆ. ಹಳ್ಳಿಗಳ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಗುತ್ತಿಗೆ ಕೊಟ್ಟದ್ದರ ವಿರುದ್ಧ ಅಲ್ಲಿ 1987ರ ನವೆಂಬರ್ 14ರಂದು ಸತ್ಯಾಗ್ರಹ ನಡೆಯಿತು. ಮುಂದೆ ನಿಂತದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್. ಆರ್. ಹಿರೇಮಠರು. ಶಿವರಾಮ ಕಾರಂತರಂಥ ಹಿರಿಯರೂ ಆ ಹೋರಾಟದ ಬೆನ್ನಿಗಿದ್ದರು. ಅದರ ಹೆಸರೇ 'ಕಿತ್ತಿಕೊ-ಹಚ್ಚಿಕೊ'. ಹೆಣ್ಣುಮಕ್ಕಳು, ಮಕ್ಕಳು ಸೇರಿ ನೀಲಗಿರಿ ಸಸಿ ಕಿತ್ತರು, ಆ ತಗ್ಗಿನಲ್ಲಿಯೇ ಹಣ್ಣಿನ, ಮೇವಿನ ಸಸಿ ಹಚ್ಚಿದರು. ಕೆಲವೇ ವರ್ಷಗಳಲ್ಲಿ ಆ ಯೋಜನೆಯನ್ನು ಕೈಬಿಡಬೇಕಾಯಿತು. ಅವ್ವ ತವರಿನಿಂದ ಈ ಸುದ್ದಿ ತಂದಾಗ, "ಕಡ್ಡಿ ಕಿತ್ತು ಹಣ್ಣು ಹಚ್ಚ್ಯಾರ, ಚೊಲೋ ಕೆಲಸ" ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಊರಿನ ಹಣ್ಣು ಊರಿನ ಬಡವರ ಆರೋಗ್ಯ ಎಂಬುದು ಕುಸನೂರಿನವರಿಗೆ ತಿಳಿದಿತ್ತು. ಗಿಡ ಹೋದರೆ ಮೊದಲು ಹಣ್ಣು ತಪ್ಪುವುದು ಕೊಂಡು ತಿನ್ನಲಾಗದ ಮನೆಯ ಮಕ್ಕಳಿಗೆ.

ಹಣ್ಣು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಲೋಕ ಕಂಡುಕೊಂಡದ್ದು ಹಡಗುಗಳಲ್ಲಿ. ತಿಂಗಳುಗಟ್ಟಲೆ ಸಮುದ್ರದ ಮೇಲೆ ಒಣರೊಟ್ಟಿ, ಉಪ್ಪುಮಾಂಸ ತಿಂದ ನಾವಿಕರು ವಸಡು ಕೊಳೆತು, ಹಳೆಯ ಗಾಯ ಬಿರಿದು ಸಾಯುತ್ತಿದ್ದರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆಬೇರೆ ಮದ್ದು ಕೊಟ್ಟು ನೋಡಿದ. ಎಲ್ಲರಿಗಿಂತ ಬೇಗ ಎದ್ದು ಓಡಾಡಿದವರು ಕಿತ್ತಳೆ, ಲಿಂಬೆ ತಿಂದ ಇಬ್ಬರು. ಈಚಿನ ವರ್ಷಗಳಲ್ಲಿ ಚೀನಾದಲ್ಲಿ 5 ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ತಾಜಾ ಹಣ್ಣು ತಿನ್ನುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆ ಕಂಡುಬಂತು. ಹಣ್ಣು ತಿನ್ನುವವರ ಉಳಿದ ಅಭ್ಯಾಸಗಳೂ ಒಳ್ಳೆಯವಿರಬಹುದು, ಎಲ್ಲ ಪುಣ್ಯವನ್ನೂ ಹಣ್ಣಿನ ಲೆಕ್ಕಕ್ಕೇ ಬರೆಯುವಂತಿಲ್ಲ. ಆದರೂ ದೇಶದೇಶಗಳ ಅಧ್ಯಯನಗಳು ಒಂದೇ ದಿಕ್ಕಿಗೆ ಕೈತೋರಿಸುವಾಗ ನಂಬದಿರಲು ಕಾರಣ ಉಳಿಯುವುದಿಲ್ಲ.

ಎಷ್ಟು ತಿನ್ನಬೇಕು? ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹಣ್ಣು, ತರಕಾರಿ ಸೇರಿ ಕನಿಷ್ಠ 400 ಗ್ರಾಂ ಎನ್ನುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯ ದಿನದ ತಟ್ಟೆಯಲ್ಲಿ 400 ಗ್ರಾಂ ತರಕಾರಿಯ ಜೊತೆಗೆ 100 ಗ್ರಾಂ ಹಣ್ಣು ಇದೆ. 100 ಗ್ರಾಂ ಎಂದರೆ ಒಂದು ನಡುಗಾತ್ರದ ಪೇರಲ, ಇಲ್ಲವೆ ಒಂದು ಬಾಳೆಹಣ್ಣು, ಇಲ್ಲವೆ ಒಂದು ಬೊಗಸೆ ನೇರಳೆ. ಅಷ್ಟೇ. ಇದು ಶ್ರೀಮಂತರ ಊಟ ಅಲ್ಲ.

ಹಿಂಡಿ ರಸ ಮಾಡಬೇಡಿ, ಕಚ್ಚಿ ತಿನ್ನಿ. ರಸ ಸೋಸಿದರೆ ನಾರು ಬುಟ್ಟಿಗೆ ಹೋಗುತ್ತದೆ, ಸಕ್ಕರೆ ಲೋಟದಲ್ಲಿ ಉಳಿಯುತ್ತದೆ. ಮಲಬದ್ಧತೆ ತಡೆಯುವುದು, ಹೊಟ್ಟೆ ತುಂಬಿದ ಭಾವ ಕೊಡುವುದು, ರಕ್ತಕ್ಕೆ ಸಕ್ಕರೆ ಒಮ್ಮೆಲೇ ನುಗ್ಗದಂತೆ ತಡೆಯುವುದು ಆ ನಾರೇ. ಸಕ್ಕರೆ ಕಾಯಿಲೆ ಇದೆಯೆಂದು ಹಣ್ಣನ್ನೇ ಬಿಟ್ಟ ಗೆಳತಿಯರು ನನಗಿದ್ದಾರೆ. ಅವರಲ್ಲಿ ಕೆಲವರು ಚಹಾಕ್ಕೆ ಅದ್ದಿ ತಿನ್ನುವ ಬಿಸ್ಕೀಟು, ಟೋಸ್ಟು ಮಾತ್ರ ಬಿಟ್ಟಿಲ್ಲ. ಡಾಕ್ಟರನ್ನು ಕೇಳಿ ಅಳತೆಯಲ್ಲಿ ಪೇರಲ, ಪಪಾಯಿ, ನೇರಳೆ ತಿನ್ನಬಹುದು. ಬಿಡಬೇಕಾದದ್ದು ಬೇಕರಿಯ ತಿನಿಸು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪೊಟ್ಯಾಸಿಯಂ ಹೆಚ್ಚಿರುವ ಹಣ್ಣುಗಳ ಬಗ್ಗೆ ವೈದ್ಯರ ಮಾತು ಕೇಳಿಯೇ ನಡೆಯಬೇಕು.

ಊರಿಗೆ ಹೋದಾಗ ಒಂದು ಸಮಾಧಾನ ಇದೆ. ಸರ್ಕಾರಿ ಶಾಲೆಗಳಲ್ಲಿ ಈಗ ಬಿಸಿಯೂಟದ ಜೊತೆ ಮಕ್ಕಳಿಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಸಾಲಿನಲ್ಲಿ ನಿಂತು ಬಾಳೆಹಣ್ಣು ಇಸಿದುಕೊಳ್ಳುವ ಮಕ್ಕಳನ್ನು ಕಂಡು ನನಗೆ ನಿಜವಾಗಿಯೂ ಸಂತೋಷವಾಯಿತು. ನಮಗೆ ಬೇಲಿ ಕೊಟ್ಟದ್ದನ್ನು ಅವರಿಗೆ ಶಾಲೆ ಕೊಡುತ್ತಿದೆ. ಆದರೆ ಶಾಲೆ ಕೊಡುವುದು ಶಾಲೆಯ ದಿನಗಳಿಗೆ ಮಾತ್ರ. ಉಳಿದದ್ದು ಮನೆಯ ಕೆಲಸ, ಊರಿನ ಕೆಲಸ. ನಮ್ಮ ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಹಾವೇರಿ ಹತ್ತಿರದ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜು ಇದೆ. ಯಾವ ಮಣ್ಣಿಗೆ ಯಾವ ಸಸಿ, ಎಷ್ಟು ಅಂತರ, ಎಷ್ಟು ನೀರು ಎಂದು ಹೇಳುವವರು ಕೂಗಳತೆಯಲ್ಲೇ ಇದ್ದಾರೆ. ಕೇಳುವವರು ಹೋಗಬೇಕು.

ಕುಮಾರಪಟ್ಟಣದ ನನ್ನ ಓರಗೆಯವರಿಗೆ, ಈ ಬರಹ ಓದುವ ಎಲ್ಲರಿಗೂ ನನ್ನ ಬೇಡಿಕೆ ಇಷ್ಟು. ದಿನಕ್ಕೊಂದು ಹಣ್ಣು ತಿನ್ನಿ. ಆಯಾ ಕಾಲದಲ್ಲಿ ಬೆಳೆದದ್ದು, ಹತ್ತಿರ ಬೆಳೆದದ್ದು, ಅಗ್ಗಕ್ಕೆ ಸಿಗುವಂಥದ್ದು. ಬೀಗರ ಮನೆಗೆ ಹೋಗುವಾಗ ಬೇಕರಿಯ ಡಬ್ಬಿ ಬಿಟ್ಟು ಒಂದು ಡಜನ್ ಬಾಳೆಹಣ್ಣು ಒಯ್ಯಿರಿ. ಮನೆಯಲ್ಲಿ ಮಕ್ಕಳ ಕೈಗೆಟಕುವ ಜಾಗದಲ್ಲಿ ತೊಳೆದ ಹಣ್ಣಿನ ಬುಟ್ಟಿ ಇಡಿ. ಹಿತ್ತಲಿದ್ದರೆ ಒಂದು ಕಸಿ ಪೇರಲ ಹಚ್ಚಿ, ಎರಡು ಮೂರು ವರ್ಷಕ್ಕೆ ಫಲ ಕೊಡುತ್ತದೆ. ಬದುವಿದ್ದರೆ ಒಂದು ನೇರಳೆ ಹಚ್ಚಿ, ಅದನ್ನು ತಿನ್ನುವವರು ಮೊಮ್ಮಕ್ಕಳಾದರೂ ಸರಿ. ಈ ಮಳೆಗಾಲಕ್ಕೇ ಹಚ್ಚಿ, ಮುಂದಿನ ವರ್ಷಕ್ಕೆ ದೂಡಬೇಡಿ.